ಮುತ್ತುಗದ ಕೆಂಪು ಮೊಬೈಲಿಗೆ ಏಕೆ ದಕ್ಕುವುದಿಲ್ಲ?

ಹೋಳಿ ಕಳೆದ ಮೊದಲ ಭಾನುವಾರ. ದೆಹಲಿಯಲ್ಲಿ ಕನ್ನಡದವರು ಸೇರಿದ್ದ ಒಂದು ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಹುಡುಗಿ ಮೊಬೈಲು ಮುಂದೆ ಹಿಡಿದಳು. ಧಾರವಾಡದ ಕಡೆಯವಳು, ಗುರುಗ್ರಾಮದಲ್ಲಿ ಕೆಲಸ. ಹಿಂದಿನ ದಿನ ಅರಾವಳಿ ಗುಡ್ಡ ಹತ್ತಿ ಬಂದಿದ್ದಳಂತೆ. "ಸರ್, ಗುಡ್ಡಕ್ಕ ಬೆಂಕಿ ಬಿದ್ದಾಂಗ ಕಾಣ್ತಿತ್ತು. ಫೋಟೋದಾಗ ನೋಡ್ರಿ, ಯಾರೋ ಕಿತ್ತಳಿ ಬಣ್ಣದ ಪ್ಲಾಸ್ಟಿಕ್ ಚೀಲ ಗಿಡಕ್ಕ ಸಿಗಿಸ್ಯಾರೇನೋ ಅನ್ನಿಸ್ತದ. ಫೋನೇನು ಅಗ್ಗದ್ದಲ್ಲ. ಮತ್ತ್ಯಾಕ ಹಿಂಗ?"

ನೋಡಿದೆ. ಮುತ್ತುಗ. ಒಂದೆಲೆಯೂ ಇಲ್ಲದ ಕೊಂಬೆಗಳ ಮೇಲೆ ಗೊಂಚಲು ಗೊಂಚಲು ಹೂ. ಆದರೆ ಚಿತ್ರದಲ್ಲಿ ಹೂವಿಗೆ ಮಡಿಕೆಯಿಲ್ಲ, ಅಂಚಿಲ್ಲ. ಬಣ್ಣ ಚೆಲ್ಲಿದ ಹಾಗೆ ಒಂದೇ ಸಮನೆ ಕಿತ್ತಳೆ ಮಚ್ಚೆಗಳು. ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಇದಕ್ಕಿಲ್ಲ.

ಆ ಅರಾವಳಿಯಲ್ಲೇ, ಗುರುಗ್ರಾಮದಿಂದ ಫರೀದಾಬಾದಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ ಮಂಗರ್ ಬನಿ. ಬನಿ ಎಂದರೆ ನಮ್ಮ ಕೊಡಗಿನ, ಮಲೆನಾಡಿನ ದೇವರಕಾಡಿನ ಹಾಗೆ. ಗುದರಿಯಾ ದಾಸ್ ಬಾಬಾ ಅವರ ಕಾಡು ಅದು, ಒಂದು ಕೊಂಬೆಯನ್ನೂ ಕಡಿಯಬಾರದು ಎಂದು ಸುತ್ತಲಿನ ಹಳ್ಳಿಗಳವರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದಿದ್ದಾರೆ. ಇಳಿಜಾರಿನ ತುಂಬಾ ಧೌ ಮರಗಳು, ಮಾರ್ಚಿನಲ್ಲಿ ಬೂದುಗಪ್ಪು. ಆ ಬೂದಿಯ ನಡುವೆ ಮುತ್ತುಗ ಅರಳುತ್ತದೆ. ಇಲ್ಲಿನವರಿಗೆ ಅದು ಢಾಕ್, ಹೂವು ಟೇಸು, ಪುಸ್ತಕದಲ್ಲಿ ಪಲಾಶ. ಸ್ಕಾಟ್ಲೆಂಡಿನವರು ಆಗಸ್ಟಿನಲ್ಲಿ ಹೆದರ್ ಪೊದೆ ಅರಳಿ ನೇರಳೆಯಾದ ಬೆಟ್ಟಗಳನ್ನು ಹುಡುಕಿಕೊಂಡು ಕ್ಯಾಮೆರಾ ಹೊರುತ್ತಾರೆ. 2022ರಲ್ಲಿ ಕುರಿಂಜಿ ಅರಳಿದಾಗ ನಮ್ಮವರೂ ಚಂದ್ರದ್ರೋಣದ ಮೇಲೆ ಅದನ್ನೇ ಮಾಡಿದರು. ದೆಹಲಿಯ ಪಾಲಿಗೆ ಬಂದಿರುವುದು ಈ ಕೆಂಪು.

ಇಲ್ಲಿನ ಹಿಂದಿಯಲ್ಲೊಂದು ಗಾದೆಯಿದೆ: ಢಾಕ್ ಕೇ ತೀನ್ ಪಾತ್. ಮುತ್ತುಗದ ತೊಟ್ಟಿಗೆ ಯಾವಾಗ ನೋಡಿದರೂ ಮೂರೇ ಎಲೆ. ಏನು ಮಾಡಿದರೂ ಸಂಗತಿ ಇದ್ದಲ್ಲೇ ಇದೆ ಎನ್ನುವುದಕ್ಕೆ ಈ ಮಾತು. ಮುತ್ತುಗದೆಲೆಯಲ್ಲಿ ಉಂಡ ನಮಗೂ ಆ ಮೂರರ ಲೆಕ್ಕ ಗೊತ್ತು. ಬಣ್ಣದ ಫೋಟೋದ ಕತೆಯೂ ಹಾಗೆಯೇ. ಜಗತ್ತಿನಲ್ಲಿ ಎಷ್ಟೇ ಬಣ್ಣವಿರಲಿ, ಕ್ಯಾಮೆರಾದ ಬಳಿ ಇರುವುದು ಮೂರೇ ಎಲೆ: ಕೆಂಪು, ಹಸಿರು, ನೀಲಿ.

ಈ ಮೂರೆಲೆ ಮೊದಲು ಚಿಗುರಿದ್ದು 1861ರ ಮೇ 17ರಂದು, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ. ಅಲ್ಲಿ ಉಪನ್ಯಾಸ ಕೊಟ್ಟವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಹೆದರ್ ಬೆಟ್ಟಗಳ ನಾಡಿನವನೇ, ಎಡಿನ್‌ಬರೋದಲ್ಲಿ ಹುಟ್ಟಿದವನು. ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ವಿದ್ಯುತ್ತು ಮತ್ತು ಕಾಂತತ್ವವನ್ನು ಒಂದೇ ಸಮೀಕರಣಗಳ ಗಂಟಿನಲ್ಲಿ ಕಟ್ಟಿದ ಮ್ಯಾಕ್ಸ್‌ವೆಲ್ ಇವನೇ. ನಮ್ಮ ಕಣ್ಣು ಬಣ್ಣವನ್ನು ಮೂರು ಬಗೆಯ ಗ್ರಾಹಕಗಳಿಂದ ಅಳೆಯುತ್ತದೆ ಎಂಬುದು ಥಾಮಸ್ ಯಂಗ್ ಆ ಶತಮಾನದ ಮೊದಲಲ್ಲೇ ಮುಂದಿಟ್ಟ ಊಹೆ. ಅದು ನಿಜವಾದರೆ ಮೂರು ಫೋಟೋಗಳಿಂದ ಎಲ್ಲ ಬಣ್ಣವನ್ನೂ ಕಟ್ಟಬಹುದಲ್ಲ ಎಂದು ಮ್ಯಾಕ್ಸ್‌ವೆಲ್ ಯೋಚಿಸಿದ. ಥಾಮಸ್ ಸಟನ್ ಎಂಬ ಛಾಯಾಗ್ರಾಹಕ ಅವನಿಗಾಗಿ ಸ್ಕಾಟಿಷ್ ಚೌಕಳಿ ರಿಬ್ಬನ್ನೊಂದರ ಚಿತ್ರ ತೆಗೆದ. ಬಣ್ಣದ ದ್ರಾವಣ ತುಂಬಿದ ಗಾಜಿನ ತೊಟ್ಟಿಗಳೇ ಸೋಸುಕಗಳು. ನೀಲಿಗೆ ಒಮ್ಮೆ, ಹಸಿರಿಗೆ ಒಮ್ಮೆ, ಕೆಂಪಿಗೆ ಒಮ್ಮೆ. ನೀಲಿಗೆ 6 ಸೆಕೆಂಡು ಸಾಕಾಯಿತು, ಕೆಂಪಿಗೆ 8 ನಿಮಿಷ ಬೇಕಾಯಿತು. ಮೂರನ್ನೂ ಮೂರು ಲ್ಯಾಂಟರ್ನುಗಳಿಂದ ಆಯಾ ಬಣ್ಣದಲ್ಲೇ ಒಂದರ ಮೇಲೊಂದು ಕೂರುವಂತೆ ಪರದೆಗೆ ಹಾಯಿಸಿದಾಗ ರಿಬ್ಬನ್ನು ಬಣ್ಣದಲ್ಲಿ ಮೂಡಿತು.

ಈ ಪ್ರಯೋಗ ಗೆಲ್ಲಬಾರದಿತ್ತು. ಆ ಕಾಲದ ಕೊಲೋಡಿಯನ್ ಫಲಕಕ್ಕೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡೇ ಕೆಲಸ ಮಾಡಬಹುದಾಗಿತ್ತು. ಫಲಕಕ್ಕೆ ಬಣ್ಣದ ಡೈ ಬೆರೆಸಿ ಅದರ ಕಣ್ಣು ತೆರೆಸುವ ಉಪಾಯವನ್ನು ಹರ್ಮನ್ ಫೋಗೆಲ್ ಕಂಡುಕೊಂಡದ್ದು 1873ರಲ್ಲಿ. ಹಾಗಾದರೆ ಹನ್ನೆರಡು ವರ್ಷ ಮೊದಲೇ ಆ ಕೆಂಪು ಎಲ್ಲಿಂದ ಬಂತು? ಒಗಟು ಬಿಡಿಸುವುದಕ್ಕೆ ನೂರು ವರ್ಷ ಹಿಡಿಯಿತು. 1961ರಲ್ಲಿ ಕೊಡಾಕ್ ಕಂಪನಿಯ ರಾಲ್ಫ್ ಇವಾನ್ಸ್ ಅದೇ ಬಗೆಯ ದ್ರಾವಣಗಳಿಂದ ಪ್ರಯೋಗವನ್ನು ಮತ್ತೆ ಮಾಡಿ ನೋಡಿದರು. ಆ ರಿಬ್ಬನ್ನಿನ ಕೆಂಪು ನೂಲು ಕೆಂಪಿನ ಜೊತೆಗೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಹಿಂದಕ್ಕೆ ಹೊಮ್ಮಿಸುತ್ತಿತ್ತು. ಕೆಂಪು ದ್ರಾವಣ ಅವನ್ನೂ ಒಳಗೆ ಬಿಟ್ಟಿತು. ಫಲಕದ ಮೇಲೆ ಕೆಂಪೆಂದು ಅಚ್ಚಾದದ್ದು ಕೆಂಪೇ ಅಲ್ಲ, ಅತಿನೇರಳೆ! ಬಣ್ಣದ ಛಾಯಾಗ್ರಹಣದ ಮೊದಲ ಕೆಂಪು ಎಲ್ಲೋ ಇದ್ದ ಬೆಳಕು ಇನ್ನೆಲ್ಲೋ ಬಂದು ಕೂತದ್ದರಿಂದ ಹುಟ್ಟಿತು. ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಹೂವು ಹೊಮ್ಮಿಸುವ ಬೆಳಕು ಒಂದು, ನಮ್ಮ ಕಣ್ಣು ಆಯ್ದುಕೊಳ್ಳುವುದು ಇನ್ನೊಂದು, ಕ್ಯಾಮೆರಾ ಹಿಡಿಯುವುದು ಮತ್ತೊಂದು. ಫಿಲ್ಮಿನ ಕಾಲದಲ್ಲಿ ಅಜೆರೇಟಮ್, ಮಾರ್ನಿಂಗ್ ಗ್ಲೋರಿಯಂಥ ನೀಲಿ ಹೂಗಳು ಪ್ರಿಂಟಿನಲ್ಲಿ ಗುಲಾಬಿಯಾಗಿ ಬಂದು ಎಷ್ಟೋ ಜನ ಸ್ಟುಡಿಯೋದವರ ಜೊತೆ ಜಗಳವಾಡಿದ್ದುಂಟು. ತಪ್ಪು ಸ್ಟುಡಿಯೋದ್ದಲ್ಲ. ಆ ಹೂಗಳು ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕಡುಕೆಂಪಿನಂಚಿನ ಬೆಳಕನ್ನೂ ಹೊಮ್ಮಿಸುತ್ತವೆ. ಫಿಲ್ಮಿನ ಕೆಂಪು ಪದರಕ್ಕೆ ಅದು ಕಂಡುಬಿಡುತ್ತಿತ್ತು.

ಇನ್ನು ಮೊಬೈಲಿಗೆ ಬರೋಣ. ಅದರೊಳಗಿನ ಸೆನ್ಸರಿಗೆ ತಾನಾಗಿ ಬಣ್ಣ ತಿಳಿಯದು, ಬೆಳಕು ಎಷ್ಟು ಬಿತ್ತು ಎಂದಷ್ಟೇ ಗೊತ್ತು. ಅದರ ಮೇಲೆ ಹೊದಿಸಿರುವ ಬಣ್ಣದ ಚೌಕಳಿ ಕೊಡಾಕ್‌ನವರೇ ಆದ ಬ್ರೈಸ್ ಬೇಯರ್ ಅವರ ಕೊಡುಗೆ, 1976ರ ಪೇಟೆಂಟ್. ಪ್ರತಿ ನಾಲ್ಕು ಮನೆಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣಿನ ಸೂಕ್ಷ್ಮತೆ ಹಸಿರಿನ ಸುತ್ತ ಹೆಚ್ಚು ಎಂದು ಹಸಿರಿಗೆ ದುಪ್ಪಟ್ಟು ಪಾಲು. ಪ್ರತಿ ಮನೆಯ ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಮನೆಗಳನ್ನು ನೋಡಿ ಫೋನು ಅಂದಾಜಿನಿಂದ ತುಂಬುತ್ತದೆ.

ಮಲೆನಾಡಿನ ನಮ್ಮ ಅಜ್ಜಿಯ ಮನೆಯಲ್ಲಿ ಮಳೆ ಹಿಡಿದರೆ ಸೂರಿನ ನೀರು ಬೀಳುವಲ್ಲಿ ಹಂಡೆ, ತಪ್ಪಲೆ, ಚೊಂಬು ಸಾಲಾಗಿ ಇಡುತ್ತಿದ್ದರು. ಸೆನ್ಸರಿನ ಒಂದೊಂದು ಮನೆಯೂ ಒಂದು ಚೊಂಬು ಎಂದುಕೊಳ್ಳಿ, ಬೀಳುವ ಬೆಳಕೇ ಮಳೆ. ಶಟರ್ ತೆರೆದಿರುವಷ್ಟು ಹೊತ್ತು ಚೊಂಬು ಸೂರಿನಡಿ ಇರುತ್ತದೆ, ಆಮೇಲೆ ಒಳಗೆ ತಂದು ನೀರಿನ ಮಟ್ಟ ಅಳೆಯುವುದು. ಮೊಬೈಲಿನ ಚಿತ್ರದಲ್ಲಿ ಆ ಅಳತೆ 0ಯಿಂದ 255ರವರೆಗೆ. ಚೊಂಬು ತುಂಬಿ ಚೆಲ್ಲಿತೋ, ಅಲ್ಲಿಗೆ ಲೆಕ್ಕ ಕೆಟ್ಟಿತು. ತುಂಬಿದ ಚೊಂಬು "ತುಂಬಿದೆ" ಎಂದು ಮಾತ್ರ ಹೇಳೀತು. ಅದರ ಮೇಲೆ ಒಂದು ಪಾವು ಸುರಿಯಿತೋ ಒಂದು ಕೊಡ ಸುರಿಯಿತೋ ಹೇಳಲಾರದು.

ಮುತ್ತುಗದ ಹೂವಿನ ಬಣ್ಣದ್ರವ್ಯಗಳು, ಬ್ಯೂಟ್ರಿನ್, ಐಸೋಬ್ಯೂಟ್ರಿನ್ ಮೊದಲಾದವು, ನೀಲಿ ಬೆಳಕನ್ನು ನುಂಗಿಬಿಡುತ್ತವೆ. ಹೋಳಿಗೆ ಟೇಸು ಹೂ ಕುದಿಸಿ ತೆಗೆಯುವ ಹಳದಿ ಓಕುಳಿಯೂ ಇವುಗಳದ್ದೇ. ಹೀಗಾಗಿ ಹೂವಿನಿಂದ ನೀಲಿ ಚೊಂಬಿಗೆ ಹನಿಯಷ್ಟು, ಹಸಿರು ಚೊಂಬಿಗೆ ಅರೆಬರೆ, ಕೆಂಪು ಚೊಂಬಿಗೆ ಧೋ ಎಂದು ಬೀಳುತ್ತದೆ. ಚೊಂಬುಗಳನ್ನು ಯಾವಾಗ ಒಳಗೆ ತರಬೇಕು ಎಂದು ಮೊಬೈಲು ತೀರ್ಮಾನಿಸುವುದು ಒಟ್ಟಾರೆ ಹೊಳಪು ನೋಡಿ. ಪರದೆಗಳಿಗೆಲ್ಲ ಆಧಾರವಾದ ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಹೊಳಪಿನ ನೂರು ಪಾಲಿನಲ್ಲಿ ಹಸಿರಿಗೆ ಸುಮಾರು 72, ಕೆಂಪಿಗೆ 21, ನೀಲಿಗೆ ಬರೀ 7. ಮನೆಯೊಡತಿ ಹಸಿರು ಚೊಂಬನ್ನೇ ಬಗ್ಗಿ ಬಗ್ಗಿ ನೋಡಿ "ಇನ್ನೂ ಅರ್ಧವೂ ಆಗಿಲ್ಲ, ಇರಲಿ ಬಿಡು" ಎನ್ನುತ್ತಾಳೆ. ಹಿಂದೆ ನಿಂತ ಕಪ್ಪು ಬಂಡೆ, ಬೂದು ಧೌ ಮರಗಳೂ ಅವಳಿಗೆ ಅದನ್ನೇ ಹೇಳುತ್ತವೆ. ಅಷ್ಟರಲ್ಲಿ ಕೆಂಪು ಚೊಂಬು ತುಂಬಿ ಅಂಗಳದಲ್ಲಿ ಹರಿದಿರುತ್ತದೆ. ಎಸಳಿನ ಮಡಿಕೆ, ನೆರಳು, ತುದಿಯ ಬಾಗು, ಎಲ್ಲೆಡೆಯೂ ಕೆಂಪು 255. ಮಡಿಕೆ ಅಳಿಸಿಹೋಯಿತು, ಪ್ಲಾಸ್ಟಿಕ್ ಉಳಿಯಿತು. ಸಾಲದ್ದಕ್ಕೆ ಕೆಂಪು ನಿಂತ ಮೇಲೂ ಹಸಿರು ಏರುತ್ತಲೇ ಇರುವುದರಿಂದ ಕೆಂಡದ ಬಣ್ಣ ಹಳದಿಯ ಕಡೆಗೆ ಜಾರುತ್ತದೆ. ಆ ಹುಡುಗಿ ಕಂಡ ಬೆಂಕಿ ಕಿತ್ತಳೆ ಚೀಲವಾದದ್ದು ಹೀಗೆ.

ಇದಕ್ಕೆ 200 ಮೆಗಾಪಿಕ್ಸೆಲ್ ಮದ್ದಲ್ಲ. ಅಂಗಡಿಯವರು ಅದನ್ನೇ ದೊಡ್ಡದಾಗಿ ಹೇಳುತ್ತಾರೆ, ಆದರೆ ಚೊಂಬುಗಳ ಎಣಿಕೆ ಹೆಚ್ಚಿಸಿದರೆ ಪ್ರತಿ ಚೊಂಬೂ ಚಿಕ್ಕದಾಗುತ್ತದೆ. ಹೂವನ್ನು ಗುರುತಿಸಿ ತಾನೇ ಬಣ್ಣ ಏರಿಸುವ ಕೃತಕ ಬುದ್ಧಿಯಂತೂ ಮೊದಲೇ ತುಂಬಿದ ಚೊಂಬಿಗೆ ಇನ್ನಷ್ಟು ಸುರಿಯುತ್ತದೆ. ಬೇಕಾದದ್ದು ಬಹಳ ಸಣ್ಣ ಕೆಲಸ: ಪರದೆಯ ಮೇಲೆ ಹೂವನ್ನು ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಚಿತ್ರ ಕಪ್ಪಾಯಿತಲ್ಲ ಎಂದು ಹೆದರಬೇಡಿ. ಬೆಳಕು ಅರ್ಧಕ್ಕೆ ಇಳಿದರೆ ಚೊಂಬು ಚೆಲ್ಲುವುದು ನಿಲ್ಲುತ್ತದೆ, ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು. ಚೆಲ್ಲಿಹೋದ ಕೆಂಪನ್ನು ಯಾವ ಆ್ಯಪ್ಪೂ ತುಂಬಿಸಿ ಕೊಡುವುದಿಲ್ಲ.

ದೂರದ ಗುಡ್ಡವಾದರೆ ತೊಡಕು ಬೇರೆ. ಶುದ್ಧ ಗಾಳಿಯ ಅಣುಗಳು ಕೆಂಪಿಗಿಂತ ನೀಲಿಯನ್ನು ಸುಮಾರು ನಾಲ್ಕು ಪಟ್ಟು ಹೆಚ್ಚು ಚದುರಿಸುತ್ತವೆ. ರ‍್ಯಾಲೆ 1871ರಲ್ಲಿ ತೋರಿಸಿದ ಲೆಕ್ಕ ಇದು. ಚಿಕ್ಕಮಗಳೂರಿನ ದೂರದ ಬೆಟ್ಟಸಾಲು ನೀಲಿಯಾಗಿ ಕಾಣುವುದಕ್ಕೆ ಅದೇ ಕಾರಣ. ದೆಹಲಿಯ ಗಾಳಿಯಲ್ಲಿ ತೇಲುವ ದೂಳಿನ ಕಣಗಳು ಅಣುಗಳಿಗಿಂತ ಬಲು ದೊಡ್ಡವು. ಅವು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸಿ, ನಮಗೂ ಗುಡ್ಡಕ್ಕೂ ನಡುವೆ ಬಿಳಿ ಪರದೆ ಇಳಿಬಿಡುತ್ತವೆ. ಕೆಂಪಿಗೆ ಬಿಳಿ ಬೆರೆತರೆ ಉಳಿಯುವುದು ಸಪ್ಪೆ. ಪೋಲರೈಸರ್ ಗಾಜು ಅಣುಗಳ ಚದುರುಬೆಳಕನ್ನು ತಡೆದಷ್ಟು ಚೆನ್ನಾಗಿ ದೂಳಿನದನ್ನು ತಡೆಯಲಾರದು. ಮಾರ್ಚಿನಲ್ಲಿ ಒಂದು ಮಳೆ ಬಿದ್ದು ಮಾರನೇ ಬೆಳಿಗ್ಗೆ ಗಾಳಿ ಬೀಸಿದರೆ, ಅದೇ ನಿಮಗೆ ಒದಗುವ ಅತ್ಯುತ್ತಮ ಲೆನ್ಸು.

ಸಂಜೆಗೆ ಕಾಯುವುದಾದರೂ ತೀರಾ ಕತ್ತಲಾಗುವವರೆಗೆ ಕಾಯಬೇಡಿ. ಬೆಳಕು ಕುಂದಿದಂತೆ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಳ್ಳುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಎರಡು ಶತಮಾನದ ಹಿಂದೆಯೇ ಗಮನಿಸಿದ್ದ, ಮಬ್ಬಿನಲ್ಲಿ ಕೆಂಪು ಹೂ ಅದರ ಎಲೆಗಿಂತ ಕಪ್ಪಾಗಿ ಕಾಣುತ್ತದೆಂದು.

ಅಷ್ಟಕ್ಕೂ ಈ ಕೆಂಪು ಯಾರಿಗಾಗಿ? ದೆಹಲಿ ವಿಶ್ವವಿದ್ಯಾಲಯದಲ್ಲಿ ಇದನ್ನು ಕೂತು ನೋಡಿದವರಲ್ಲಿ ನಮ್ಮ ಮೈಸೂರಿನ ಎಚ್.ವೈ. ಮೋಹನರಾಮ್ ಒಬ್ಬರು. ಸಂಗೀತಗಾರ ಯೋಗಾನರಸಿಂಹಂ ಅವರ ಮಗ, ಎಚ್.ವೈ. ಶಾರದಾ ಪ್ರಸಾದರ ತಮ್ಮ, ಸಸ್ಯವಿಜ್ಞಾನದ ತಲೆಮಾರುಗಳನ್ನೇ ದೆಹಲಿಯಲ್ಲಿ ಬೆಳೆಸಿದ ಮೇಷ್ಟ್ರು. ರಾಜೇಶ್ ಟಂಡನ್, ಕೆ.ಆರ್. ಶಿವಣ್ಣ ಮತ್ತು ಅವರು ಸೇರಿ ಮುತ್ತುಗದ ಸಂತಾನಕ್ರಮದ ಬಗ್ಗೆ ಬರೆದ ಪ್ರಬಂಧ 2003ರಲ್ಲಿ 'ಆನಲ್ಸ್ ಆಫ್ ಬಾಟನಿ' ಪತ್ರಿಕೆಯಲ್ಲಿ ಬಂತು. ಹೂವಿಗೆ ಬಂದುಹೋಗುವ ಹಕ್ಕಿಗಳು ಹಲವು. ಅವುಗಳಲ್ಲಿ ಪರಾಗದ ಕೆಲಸ ನಿಜವಾಗಿ ಮಾಡಿಕೊಡುವುದು ಕಡುನೇರಳೆ ಬಣ್ಣದ ಸೂರಕ್ಕಿ ಎಂದು ಅವರು ಕಂಡರು. ಜೊತೆಗೆ ಮೂರು ಪಟ್ಟೆಯ ಅಳಿಲು! ಜೇನ್ನೊಣಕ್ಕೆ ಕೆಂಪು ಸರಿಯಾಗಿ ಕಾಣದು. ಹಕ್ಕಿಗಳಿಗೆ ಕಾಣುತ್ತದೆ, ಅದೂ ನಮಗಿಂತ ಒಂದು ಹೆಚ್ಚಿನ, ನಾಲ್ಕು ಬಗೆಯ ಬಣ್ಣದ ಗ್ರಾಹಕಗಳಿಂದ. ಮುತ್ತುಗ ಅರಳುವುದು ನಾಲ್ಕೆಲೆಯ ಕಣ್ಣಿಗೆ. ನಾವು ಅದನ್ನು ಹಿಡಿಯಲು ಹೋಗುವುದು ಮೂರೆಲೆ ಹಿಡಿದುಕೊಂಡು.

ಮುಂದಿನ ಭಾನುವಾರ ಆ ಹುಡುಗಿಯ ಜೊತೆ ನಾನೂ ಹೋದೆ. ಸೂರ್ಯ ಗುಡ್ಡದ ಏಣಿನಿಂದ ಆಗಷ್ಟೇ ಮೇಲೆದ್ದಿದ್ದ. ಬಿಸಿಲು ಹಿಂದಿನಿಂದ ಬರುವಂಥ ಒಂದು ಕೊಂಬೆ ಆರಿಸಿ, ಸೂರ್ಯನ ಗುರುತನ್ನು ಕೆಳಗೆಳೆದು, ಅವಳು ಮೂರು ಚಿತ್ರ ತೆಗೆದಳು. ನೆರಳಿಗೆ ಬಂದು ಹಿಗ್ಗಿಸಿ ನೋಡಿದೆವು. ಕಪ್ಪು ಮಖಮಲ್ಲಿನಂಥ ತೊಟ್ಟಿನ ಬಟ್ಟಲು, ಅದರಿಂದ ಗಿಳಿಕೊಕ್ಕಿನ ಹಾಗೆ ಬಾಗಿದ ಎಸಳು. ಎಸಳಿನ ಹೊರಮೈ ಮೇಲೆ ರೇಷ್ಮೆ ಎಳೆಯಂಥ ಬೆಳ್ಳಿ ನವಿರು, ಒಂದೊಂದೂ ಎಣಿಸುವಷ್ಟು ಸ್ಪಷ್ಟ. "ಅಯ್ಯ, ಇದಕ್ಕ ಕೂದಲದಾವಲ್ರಿ!" ಎಂದಳು. ಬರಿಗಣ್ಣಿನಲ್ಲೂ ನೋಡಬೇಕೆಂದು ಮತ್ತೆ ಮರದ ಹತ್ತಿರ ಹೋದಾಗ ಆ ಕೊಂಬೆಯಲ್ಲಿ ಅಳಿಲೊಂದು ಕೂತು ಹೂವಿನೊಳಗೆ ಮೂತಿ ತೂರಿಸಿತ್ತು.