ಎಲೆ ಹಾಕುವ ಮುನ್ನ

ಗುಂಡ್ಲುಪೇಟೆ ಸುತ್ತಮುತ್ತಲ ಕಾಡಂಚಿನ ತಂಗುಮನೆಗಳಿಗೆ ಈಚೆಗೆ ಮದುವೆ, ಷಷ್ಟಿಪೂರ್ತಿ, ಕಂಪನಿಯವರ ಕೂಟ ಎಲ್ಲವೂ ಬರತೊಡಗಿವೆ. ಬೆಂಗಳೂರಿನಿಂದ ಬರುವವರ ಫೋನಿನಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ: ನೆಲ ಮುಟ್ಟುವ ಬಿಳಿ ಬಟ್ಟೆ, ಮೇಜಿನ ನಡುವೆ ಮೊಳದುದ್ದದ ಗಾಜಿನ ಹೂದಾನಿ, ಸಾಲಾಗಿ ಮೇಣದಬತ್ತಿ, ತಟ್ಟೆಯ ಅಕ್ಕಪಕ್ಕ ಚಮಚ, ಫೋರ್ಕು. "ಹಿಂಗೇ ಮಾಡ್ಕೊಡಿ" ಎನ್ನುತ್ತಾರೆ. ಶಾಮಿಯಾನದವನು "ಆಯ್ತು ಸಾರ್, ಮಾಡೋಣ ಬುಡಿ" ಎನ್ನುತ್ತಾನೆ. ಮಾಡಿಯೂ ಮಾಡುತ್ತಾನೆ. ಅಡುಗೆಯವರು ಬಂದು ಪಟ್ಟಿ ಓದಿದಾಗ ಗೊತ್ತಾಗುತ್ತದೆ, ಊಟ ಬಾಳೆಲೆಯದು. ಕೋಸಂಬರಿ, ಎರಡು ಪಲ್ಯ, ಒಬ್ಬಟ್ಟು, ಹುಳಿ, ತಿಳಿಸಾರು, ಮಜ್ಜಿಗೆ.

ಪೇಚಾಟ ಅಲ್ಲಿಂದಲೇ ಶುರು. ನಮ್ಮ ಕಡೆಯ ಊಟದ ಮೇಜು ಎರಡು, ಎರಡೂವರೆ ಅಡಿ ಅಗಲದ್ದು. ಕೂರುವುದು ಒಂದೇ ಬದಿಗೆ. ಇನ್ನೊಂದು ಬದಿ ಬಡಿಸುವವರ ಓಡಾಟಕ್ಕೆ. ಬಕೆಟ್ಟು ಹಿಡಿದವನು ಎದುರಿನಿಂದ ಬಾಗಿ ಎಲೆಗೆ ಬಡಿಸಬೇಕು. ಆ ನಡುವೆ ಹೂದಾನಿ ಇಟ್ಟರೆ ಅವನ ಮೊಣಕೈ ತಾಗುವುದು ಮೊದಲು ಅದಕ್ಕೇ. ಹುಳಿಯ ಸೌಟು ಗಾಜಿನ ಮೇಲಿಂದ ಹಾದು ಬರುತ್ತದೆ, ಬಟ್ಟೆಯ ಮೇಲೆ ಎರಡು ಹನಿ ಬಿಟ್ಟು ಹೋಗುತ್ತದೆ. ಎರಡನೇ ಪಂಕ್ತಿ ಏಳುವಷ್ಟರಲ್ಲಿ ಆ ಬಿಳಿ ಬಟ್ಟೆಯ ಅವಸ್ಥೆ ಹೇಳುವುದು ಬೇಡ.

ಚಿತ್ರದಲ್ಲಿರುವ ಆ ಮೇಜು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಊಟ ಬೇರೆ. ತಟ್ಟೆ ತುಂಬಿಯೇ ಅಡುಗೆಮನೆಯಿಂದ ಬರುವ ಊಟಕ್ಕೆ ನಡುವಿನ ಜಾಗ ಖಾಲಿ ಉಳಿಯುತ್ತದೆ, ಅಲ್ಲಿ ಹೂವಿಡುತ್ತಾರೆ. ಬಾಳೆಲೆ ಊಟದಲ್ಲಿ ಖಾಲಿ ಜಾಗವೆಂಬುದೇ ಇಲ್ಲ, ಮೇಜನ್ನು ಎಲೆ ತುಂಬುತ್ತದೆ. ಎಲೆ ತನ್ನನ್ನು ತಾನೇ ಸಿಂಗರಿಸಿಕೊಳ್ಳುತ್ತದೆ ಎಂಬುದನ್ನು ಒಪ್ಪಿಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಒಂದು ಎಲೆಯನ್ನು ಹತ್ತಿರದಿಂದ ನೋಡಿ. ಕುಡಿ ಎಲೆ, ತುದಿ ಉಣ್ಣುವವರ ಎಡಕ್ಕೆ. ನೀರು ಚಿಮುಕಿಸಿ ಒರೆಸಿದ ಮೇಲೆ ಹಸಿರು ಇನ್ನೊಂದು ಮಟ್ಟ ಏರುತ್ತದೆ. ಮೇಲಿನ ಅಂಚಿನ ಎಡಮೂಲೆಗೆ ಉಪ್ಪು, ಪಕ್ಕಕ್ಕೆ ಉಪ್ಪಿನಕಾಯಿಯ ಕೆಂಪು, ತೆಂಗಿನಕಾಯಿ ಚಟ್ನಿಯ ಬಿಳಿ, ಹೆಸರುಬೇಳೆ ಕೋಸಂಬರಿಯ ಹಳದಿ, ಹುರುಳಿಕಾಯಿ ಪಲ್ಯ. ಬಲಗಡೆ ಕೆಳಗೆ ಒಂದು ಚಮಚ ಪಾಯಸ. ನಡುದಿಂಡಿನ ಈಚೆಗೆ ಅನ್ನಕ್ಕೆ ಬಿಟ್ಟ ಬಯಲು. ಕಡಿಮೆ ತಿನ್ನುವಂಥದ್ದು ದೂರಕ್ಕೆ, ಕಲಸಿ ಉಣ್ಣುವಂಥದ್ದು ಕೈಗೆ ಹತ್ತಿರಕ್ಕೆ. ಯಾವ ಡೆಕೊರೇಟರ್ ಬಂದರೂ ಇದಕ್ಕಿಂತ ಚೊಕ್ಕವಾಗಿ ಜೋಡಿಸಲಾರ. ಅರವತ್ತು ಎಲೆಗಳು ಒಂದೇ ಸಾಲಿನಲ್ಲಿ, ತುದಿಗಳೆಲ್ಲ ಒಂದೇ ಕಡೆಗೆ ಮುಖ ಮಾಡಿ ಮಲಗಿದ್ದರೆ ಜನ ಕೂರುವ ಮೊದಲೇ ಕಣ್ಣು ತುಂಬುತ್ತದೆ. ಒಂದೇ ಒಂದು ಎಲೆ ತಿರುಗಿಬಿದ್ದಿದ್ದರೂ ಹಿರಿಯರೊಬ್ಬರು "ಯಾರಪ್ಪಾ ಎಲೆ ಹಾಕಿದ್ದು?" ಎಂದು ಕೇಳದೆ ಬಿಡುವುದಿಲ್ಲ.

ಊಟದ ಜೋಡಣೆಯ ಬಗ್ಗೆ ಬರೆದಿಡುವ ಅಭ್ಯಾಸ ಕನ್ನಡ ನೆಲದಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅರಸನ ಊಟಕ್ಕೇ ಒಂದು ಭಾಗವಿದೆ. ಮೆತ್ತೆಯ ಮೇಲೆ ಕೂತ ಅರಸನ ಹೊಕ್ಕುಳಿನಿಂದ ಮೊಣಕಾಲಿನವರೆಗೆ ಬಿಳಿ ವಸ್ತ್ರ ಹಾಸಬೇಕು, ಮುಂದೆ ಚಿನ್ನದ ತಟ್ಟೆ, ಸುತ್ತ ಬಟ್ಟಲುಗಳು. ಮಡಿಲಿಗೆ ನ್ಯಾಪ್‌ಕಿನ್ ಹಾಸುವುದು ಇಂಗ್ಲಿಷರಿಂದ ಬಂದ ನಾಜೂಕು ಎಂದುಕೊಂಡವರಿಗೆ ಇದನ್ನು ಹೇಳಬೇಕು.

ನಮ್ಮ ಜಿಲ್ಲೆಯ ಚಾಮರಾಜನಗರಕ್ಕೂ ಅರಸರ ನಂಟು ಹೊಸದಲ್ಲ. ಇದು ಮೊದಲು ಅರಿಕುಠಾರ. ಇಲ್ಲಿ 1774ರಲ್ಲಿ ಹುಟ್ಟಿದ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನು ಮೈಸೂರಿನ ಅರಸು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. (ಮುಖ್ಯಮಂತ್ರಿಗಳು ಈ ಊರಿಗೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆಂಬ ಮಾತು ಬಹಳ ಕಾಲ ಓಡಾಡಿತು. ಊಟದ ಕುರ್ಚಿಗೆ ಆ ಭಯವಿಲ್ಲ.) ಊರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಕಾಡಿನೊಳಗೆ ಹೋಗುವ ರಸ್ತೆಯಲ್ಲಿ ಕ್ಯಾತದೇವರ ಗುಡಿ ಸಿಗುತ್ತದೆ, ಜನರ ಬಾಯಲ್ಲಿ ಕೆ. ಗುಡಿ. ಮಹಾರಾಜರ ಬೇಟೆ ಬಂಗಲೆ ಅಲ್ಲೇ ಇದೆ. ಈಗ ಅದು ಸರ್ಕಾರದ ಜಂಗಲ್ ಲಾಡ್ಜಸ್ ಶಿಬಿರದ ಭಾಗ. ಬಂದೂಕು ಹಿಡಿದವರು ಉಂಡ ಕಡೆ ಈಗ ಕ್ಯಾಮೆರಾ ಹೊತ್ತವರು ಉಣ್ಣುತ್ತಾರೆ. ಮರದ ಜಂತಿ, ತಗ್ಗಿನ ಜಗಲಿ, ಸುತ್ತ ಕಾಡು ಇರುವ ಇಂಥ ಬಂಗಲೆಗೆ ಮೇಜಿನ ಮೇಲೆ ಇನ್ನಷ್ಟು ಅಬ್ಬರ ಬೇಕಿಲ್ಲ. ಹಳೆಯ ಐಬಿಗಳನ್ನು, ಅಂದರೆ ಸರ್ಕಾರಿ ತಪಾಸಣಾ ಬಂಗಲೆಗಳನ್ನು, ನೋಡಿಕೊಳ್ಳುತ್ತಿದ್ದ ಮೇಟಿಗಳಿಗೆ ಇದು ಗೊತ್ತಿತ್ತು. ಒಗೆದ ಬಟ್ಟೆ, ಉಜ್ಜಿದ ಲೋಟ, ಬಿಸಿ ಅನ್ನ ಇದ್ದರೆ ಸಾಹೇಬರೇ ಆಗಲಿ, ಶಾನುಭೋಗರೇ ಆಗಲಿ, ತಕರಾರಿಲ್ಲದೆ ಉಂಡೇಳುತ್ತಿದ್ದರು.

ಇಲ್ಲೊಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನೆಲದ ಮೇಲಿನ ಪಂಕ್ತಿಯನ್ನು ಹೊಗಳುವ ಭರದಲ್ಲಿ ಪಂಕ್ತಿಭೇದವನ್ನು ಮರೆತುಬಿಡುತ್ತೇವೆ. ಹಳೆಯ ಛತ್ರಗಳಲ್ಲಿ ಯಾರು ಒಳಗೆ, ಯಾರು ಜಗಲಿಗೆ, ಯಾರು ಹೊರಗೆ ಎಂಬುದನ್ನು ಜಾತಿಯೇ ನಿರ್ಧರಿಸುತ್ತಿತ್ತು. ಮೇಜು, ಕುರ್ಚಿ ಬಂದದ್ದರಿಂದ ಎಲ್ಲರೂ ಒಂದೇ ಎತ್ತರದಲ್ಲಿ ಕೂತರು, ಯಾರ ಪಕ್ಕ ಯಾರು ಎಂದು ಕೇಳುವುದು ಕಮ್ಮಿಯಾಯಿತು. ಆದ್ದರಿಂದ "ಸಂಪ್ರದಾಯ" ಎಂದು ಮೇಜು ತೆಗೆಸಿ ನೆಲಕ್ಕೆ ಕೂರಿಸುವ ಹೊಸ ಶೋಕಿಯ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ. ಮಂಡಿ ನೋವಿನ ಅಜ್ಜಿಯರನ್ನು ಕೇಳಿದರೂ ಅದೇ ಹೇಳುತ್ತಾರೆ. ಮೇಜು ಇರಲಿ, ಎಲೆಯೂ ಇರಲಿ.

ಹಾಗಾದರೆ ಮೇಜಿಗೆ ಏನು ಹಾಸುವುದು? ಛತ್ರಗಳಲ್ಲಿ ಉರುಳಿಸುವ ಪೇಪರ್ ರೋಲು ಕೆಲಸಕ್ಕೇನೋ ಆಗುತ್ತದೆ, ಚೆಂದಕ್ಕಲ್ಲ. ಒದ್ದೆಯಾದರೆ ಎಲೆಗೇ ಅಂಟಿಕೊಂಡು ಬರುತ್ತದೆ. ಹತ್ತಿಯ ಬಿಳಿ ಪಂಚೆ ಹಾಸಿ ನೋಡಿ. ಎಂಟು ಮೊಳದ ಪಂಚೆ ಹನ್ನೆರಡು ಅಡಿ, ಅಂದರೆ ಆರಡಿಯ ಎರಡು ಮೇಜು ಜೋಡಿಸಿದರೆ ಸರಿಯಾಗಿ ಕೂರುತ್ತದೆ. ಉದ್ದಕ್ಕೆ ಎರಡು ಮಡಿಕೆ ಮಾಡಿದರೆ ಅಗಲಕ್ಕೂ ಸಾಕು, ಅಂಚು ಉಣ್ಣುವವರ ಕಡೆಗೆ ಬರುವಂತೆ ಹಾಸಿದರೆ ಬೇರೆ ಅಲಂಕಾರ ಬೇಡ. ಅರಿಶಿನದ ಕಲೆಯಾದರೆ ಒಗೆದು ಬಿಸಿಲಿಗೆ ಹಾಕಿದರೆ ಮಸುಕಾಗುತ್ತದೆ. ಕೊಳ್ಳೇಗಾಲದ ರೇಷ್ಮೆಯನ್ನೇ ಮೇಜಿಗೆ ಹಾಸುತ್ತೇವೆ ಎನ್ನುವವರೂ ಇದ್ದಾರೆ. ಅದು ಮೈಮೇಲೆ ಇರಬೇಕಾದ್ದು, ಸಾರಿನ ಕೆಳಗಲ್ಲ.

ಹೂವಿಗೆ ಬರೋಣ. ಗುಂಡ್ಲುಪೇಟೆಯಲ್ಲಿ ನಿಂತು ಹೊರಗಿನ ಹೂವು ತರಿಸುವುದೆಂದರೆ ನಗು ಬರುತ್ತದೆ. ಮುಂಗಾರು ಹಿಡಿದ ಮೇಲೆ ಊಟಿ ರಸ್ತೆಯ ಎರಡೂ ಬದಿ ಚೆಂಡುಹೂವು, ಸೂರ್ಯಕಾಂತಿ. ಹೊಲದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಿಂದ ರೈತರು ಕಾಸು ಕೇಳುವಷ್ಟು ಜನ. ಆದರೆ ಆ ಚೆಂಡುಹೂವಿನ ಬಹುಪಾಲು ಮಾಲೆಗೆ ಹೋಗುವುದಿಲ್ಲ. ಕಾರ್ಖಾನೆಯೊಂದಿಗೆ ಮೊದಲೇ ಒಪ್ಪಂದವಾಗಿ, ಮೂಟೆಯಲ್ಲಿ ತೂಕವಾಗಿ ಹೋಗುತ್ತದೆ. ಅದರ ಬಣ್ಣ ತೆಗೆದು ಕೋಳಿ ಆಹಾರಕ್ಕೆ ಬೆರೆಸುತ್ತಾರೆ, ಮೊಟ್ಟೆಯ ಹಳದಿ ಗಾಢವಾಗಲೆಂದು. ನಮ್ಮ ಹೊಲದ ಬಣ್ಣ ಎಲ್ಲೋ ಯಾರದೋ ಆಮ್ಲೆಟ್ಟಿನಲ್ಲಿ ಇರುತ್ತದೆ. ಓಣಂ ಹತ್ತಿರವಾದರೆ ಒಂದಷ್ಟು ಹೂವು ಗಡಿ ದಾಟಿ ಕೇರಳದ ಅಂಗಳಗಳ ಹೂರಂಗೋಲಿ, ಪೂಕಳಂ, ಆಗುತ್ತದೆ.

ಇಷ್ಟೆಲ್ಲ ಹೇಳಿದರೂ ಚೆಂಡುಹೂವನ್ನು ಊಟದ ಮೇಜಿಗೆ ಏರಿಸಬೇಡಿ. ಬಾಗಿಲಿಗೆ, ಚಪ್ಪರದ ಕಂಬಕ್ಕೆ, ಕೈತೊಳೆಯುವ ಜಾಗಕ್ಕೆ ಅದು ಸರಿ. ಅದರ ಘಾಟಿನ ಮುಂದೆ ತಿಳಿಸಾರಿನ ಒಗ್ಗರಣೆ ಸೋಲುತ್ತದೆ. ಸುಗಂಧರಾಜ, ಮಲ್ಲಿಗೆ ಕೂಡ ಹಾಗೆಯೇ. ಅವು ಜಡೆಯಲ್ಲಿದ್ದರೆ ಚೆಂದ, ಅನ್ನದ ಪಕ್ಕದಲ್ಲಲ್ಲ. ಮೇಜಿಗೆ ಬೇಕಾದ್ದು ವಾಸನೆಯಿಲ್ಲದ ಹೂವು, ಅದು ಕನಕಾಂಬರ. ಚಾಮರಾಜನಗರದ ಚೆನ್ನೀಪುರದ ಮೋಳೆಯಲ್ಲಿ ಹೂವಿನ ವ್ಯಾಪಾರ ಜೋರು. ಬೆಳಗ್ಗೆ ಹೋದರೆ ತಾಜಾ ಸಿಗುತ್ತದೆ. ಒತ್ತಾಗಿ ಕಟ್ಟಿದ ಒಂದು ಮೊಳ ಕನಕಾಂಬರವನ್ನು ಹಿತ್ತಾಳೆ ನೀರಿನ ಚೊಂಬಿನ ಕೊರಳಿಗೆ ಸುತ್ತಿದರೆ ಮುಗಿಯಿತು. ಚೊಂಬು ಹೇಗೂ ಮೇಜಿನ ಮೇಲೆ ಇರಲೇಬೇಕು, ಬಡಿಸುವವನ ದಾರಿಗೂ ಅಡ್ಡವಿಲ್ಲ. ಅಂಗೈಯಗಲದ ಪ್ಲಾಸ್ಟಿಕ್ ನೀರಿನ ಬಾಟಲಿಗಳ ಸಾಲೂ ಇದರಿಂದ ತಪ್ಪುತ್ತದೆ. ಎಲೆಯ ಮೂಲೆಗೊಂದು ನಂಜನಗೂಡು ರಸಬಾಳೆ ಸಿಕ್ಕರೆ ಅದಕ್ಕಿಂತ ದೊಡ್ಡ ಆಡಂಬರ ಬೇಡ.

ಬುಟ್ಟಿ, ತಟ್ಟೆ, ದೀಪದ ಗೂಡಿಗೆ ಲಂಟಾನ ಕಡ್ಡಿಯ ಕೆಲಸವನ್ನು ನೋಡಬಹುದು. ಬಂಡೀಪುರ, ಬಿಳಿಗಿರಿ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನೆಲ್ಲ ನುಂಗಿದ ಕಳೆ ಅದು. ಪರಿಸರ ಸಂಶೋಧನೆಯ ಏಟ್ರಿ ಸಂಸ್ಥೆಯ ತರಬೇತಿಯಿಂದ ಮಹದೇಶ್ವರ ಬೆಟ್ಟದ ಸೋಲಿಗ ಬುಡಕಟ್ಟಿನವರು ಅದರಿಂದ ಕುರ್ಚಿ, ಮೇಜು, ಬುಟ್ಟಿ ಮಾಡುವುದನ್ನು ಕಲಿತರು. ದಪ್ಪ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು, ಬಿಸಿ ಇರುವಾಗಲೇ ಬಗ್ಗಿಸಬೇಕು. ಬೆತ್ತದಷ್ಟು ನುಣುಪಿಲ್ಲ, ಗಂಟುಗಳು ಹಾಗೇ ಕಾಣುತ್ತವೆ. ನನಗೆ ಅದೇ ಇಷ್ಟ. ಇದನ್ನು ಬಿಟ್ಟು ಕಾಡಿನಿಂದ ಎಲೆ, ಹೂವು, ಕೊಂಬೆ ಮುರಿದು ತರುವ ಯೋಚನೆ ಯಾರಿಗೂ ಬೇಡ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅದು ಅಪರಾಧ.

ಕಾಡಂಚಿಗೆ ಇನ್ನೂ ಕೆಲವು ಸೂಕ್ಷ್ಮಗಳಿವೆ. ಮದುವೆಯೆಂದರೆ ಚಪ್ಪರಕ್ಕೆ ಗೊನೆಸಹಿತ ಬಾಳೆಕಂದು, ಕಬ್ಬಿನ ಜಲ್ಲೆ ಕಟ್ಟುವುದು ವಾಡಿಕೆ. ಆನೆಗೆ ಇವೆರಡೂ ಪಂಚಪ್ರಾಣ. ರಾತ್ರಿ ಬಯಲಲ್ಲಿ ಬಿಟ್ಟರೆ ಕರೆಯದ ಬೀಗರು ಬಂದುಬಿಡುತ್ತಾರೆ. ಮಾವಿನ ತೋರಣ ಸಾಕು. ಎಂಜಲೆಲೆಯನ್ನು ಹಿಂಬದಿಗೆ ಸುರಿಯದೆ ಅಂದೇ ಸಾಗಿಸಬೇಕು. ಇಲ್ಲದಿದ್ದರೆ ಹಂದಿ, ಕೋತಿಗಳ ಪಂಕ್ತಿ ಬೇರೆ. ಆಷಾಢದ ಗಾಳಿಗೆ ಮೇಣದಬತ್ತಿ ನಿಲ್ಲುವುದಿಲ್ಲ, ಎಲೆಯೂ ನಿಲ್ಲುವುದಿಲ್ಲ. ಲೋಟವನ್ನು ಎಲೆಯ ತುದಿಯ ಮೇಲೆ ಇಟ್ಟು, ಜನ ಕೂತ ಮೇಲಷ್ಟೇ ತೆಗೆಯಬೇಕು. ಮೊದಲ ಮಳೆ ಬಿದ್ದ ಸಂಜೆ ಬಿಳಿ ಬಲ್ಬು ಹಾಕಿದರೆ ಈಸಲು ಹುಳ ನೇರ ಪಾಯಸಕ್ಕೆ. ಮೇಜಿನಿಂದ ಹತ್ತಡಿ ದೂರಕ್ಕೆ ಒಂದು ಜೋರು ದೀಪ ಬಿಟ್ಟು, ಮೇಜಿನ ಬಳಿ ಹಳದಿ ಬೆಳಕಿನ ಲಾಟೀನು ಇಟ್ಟರೆ ಹುಳಗಳು ಅತ್ತ ಹೋಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಡಿಯಾರ. ಬಂಡೀಪುರದ ಮೂಲಕ ಹೋಗುವ ಎರಡೂ ಹೆದ್ದಾರಿಗಳಲ್ಲಿ, ವಯನಾಡಿನ 766 ಮತ್ತು ಊಟಿಯ 181ರಲ್ಲಿ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ, 2009ರಿಂದ. ಆಂಬುಲೆನ್ಸ್, ಗೊತ್ತುಮಾಡಿದ ಕೆಲವೇ ಬಸ್ಸು ಬಿಟ್ಟರೆ ಬೇರೆ ಯಾರಿಗೂ ಬಿಡುವುದಿಲ್ಲ. ಹೆಣ್ಣಿನ ಕಡೆಯವರು ಬತ್ತೇರಿಯವರೋ ಗೂಡಲೂರಿನವರೋ ಆಗಿದ್ದರೆ ಆರತಕ್ಷತೆಯ ಊಟವನ್ನು ಕಾಡಿನ ಗೇಟು ಮುಚ್ಚುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಎಂಟಕ್ಕೆ ಅವರು ವ್ಯಾನು ಹತ್ತಬೇಕೆಂದರೆ ಏಳೂಕಾಲಿಗೆ ಮಜ್ಜಿಗೆ, ಆರೂವರೆಗೆ ಜನ ಎಲೆಯ ಮುಂದೆ. ಮೊದಲ ಪಂಕ್ತಿ ಅವರದ್ದೇ, ಗಂಡಿನ ಕಡೆಯ ದೊಡ್ಡಪ್ಪ ಎಷ್ಟೇ ಮುನಿಸಿಕೊಂಡರೂ. ಫೋಟೊದವರಿಗೂ ಮೊದಲೇ ಹೇಳಿಡಿ: ಎಲೆಯ ಸಾಲಿನ ಚಿತ್ರ ಬೇಕಿದ್ದರೆ ಆರು ಗಂಟೆಗೆ, ಬೆಳಕಿರುವಾಗಲೇ ಬಂದು ತೆಗೆದುಕೊಳ್ಳಲಿ.