‘ಹಿಡಿ’ ಎಂಬ ಕ್ರಿಯಾಪದ

ಕೆಲವು ಧಾತುಗಳು ರೂಪದಲ್ಲಿ ಚಿಕ್ಕವು. ಅವುಗಳ ಅರ್ಥವ್ಯಾಪ್ತಿ ಮಾತ್ರ ಬಹು ದೊಡ್ಡದು. ‘ಹಿಡಿ’ ಅಂತಹ ಧಾತುಗಳಲ್ಲೊಂದು. ಹಳಗನ್ನಡದಲ್ಲಿ ಇದರ ರೂಪ ‘ಪಿಡಿ’. ‘ಪಾಲ್’ ಎಂಬುದು ಹಾಲು ಆದಂತೆ, ‘ಪುಲಿ’ ಎಂಬುದು ಹುಲಿಯಾದಂತೆ, ಪಿಡಿಯು ಕಾಲಕ್ರಮದಲ್ಲಿ ಹಿಡಿಯಾಯಿತು. ತಮಿಳು, ಮಲಯಾಳಂ ಭಾಷೆಗಳಲ್ಲಿ ಪಕಾರದ ರೂಪವೇ ಇಂದಿಗೂ ಉಳಿದಿದೆ.

ಕೈಯಿಂದ ವಸ್ತುವೊಂದನ್ನು ವಶಮಾಡಿಕೊಳ್ಳುವುದು ಈ ಪದದ ಮೂಲಾರ್ಥ. ಹರಿಹರದ ಬಳಿ ಬೆಸ್ತನು ತುಂಗಭದ್ರೆಯಲ್ಲಿ ಮೀನು ಹಿಡಿಯುತ್ತಾನೆ. ಆದರೆ ದಾವಣಗೆರೆ ನಗರದ ಆವರಗೆರೆಯಿಂದ ಹರಿಹರಕ್ಕೆ ಹೊರಟವನು ಬಸ್ಸು ಹಿಡಿಯುವಾಗ ಮುಷ್ಟಿಗೆ ಕೆಲಸವಿಲ್ಲ; ಸಮಯಕ್ಕೆ ಸರಿಯಾಗಿ ಹೋಗಿ ಹತ್ತುವುದೇ ಅಲ್ಲಿ ಹಿಡಿಯುವುದು. ಧಣಿಯು ಮುಂಗಡದ ಲೆಕ್ಕಕ್ಕೆಂದು ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿದುಕೊಂಡನೆಂದರೆ, ಒಟ್ಟು ಹಣದಿಂದ ಅಷ್ಟನ್ನು ಬೇರ್ಪಡಿಸಿ ತನ್ನಲ್ಲೇ ಉಳಿಸಿಕೊಂಡನೆಂದು ಅರ್ಥ.

ವಿಭಕ್ತಿ ಬದಲಾದರೆ ಹಿಡಿಯುವವನೇ ಹಿಡಿತಕ್ಕೆ ಸಿಕ್ಕುತ್ತಾನೆ. ‘ಬಾಲಕನು ಹಕ್ಕಿಯನ್ನು ಹಿಡಿದನು’ ಎಂಬಲ್ಲಿ ಬಾಲಕನು ಕರ್ತೃ. ‘ಬಾಲಕನಿಗೆ ನೆಗಡಿ ಹಿಡಿಯಿತು’ ಎಂಬಲ್ಲಿ ನೆಗಡಿಯೇ ಕರ್ತೃ. ಬಾಲಕನು ಚತುರ್ಥೀ ವಿಭಕ್ತಿಗೆ ಸರಿದು, ಅದರ ವಶನಾಗಿದ್ದಾನೆ. ಕಬ್ಬಿಣಕ್ಕೆ ತುಕ್ಕು, ಬಟ್ಟೆಗೆ ಬಣ್ಣ, ಮನುಷ್ಯನಿಗೆ ಹುಚ್ಚು ಹಿಡಿಯುವುದೂ ಹೀಗೆಯೇ.

ಜೊತೆಯ ಪದವೂ ಅರ್ಥವನ್ನು ನಿರ್ಣಯಿಸುತ್ತದೆ. ಕೈ ಹಿಡಿಯುವುದೆಂದರೆ ಮದುವೆಯಾಗುವುದು, ಇಲ್ಲವೆ ಕಷ್ಟದಲ್ಲಿ ನೆರವಾಗುವುದು. ಕಾಲು ಹಿಡಿಯುವುದೆಂದರೆ ದೈನ್ಯದಿಂದ ಬೇಡುವುದು. ಮಳೆ ಹಿಡಿದರೆ ಬಿಡದೆ ಸುರಿಯುತ್ತದೆ. ಕೆಲಸಕ್ಕೆ ಎರಡು ದಿನ ಹಿಡಿದರೆ ಅಷ್ಟು ಕಾಲ ಬೇಕಾಯಿತೆಂದು ತಾತ್ಪರ್ಯ. ‘ಬೆಳಗಿನಿಂದ ಹಿಡಿದು ಸಂಜೆಯವರೆಗೆ’ ಎಂಬಲ್ಲಿ ಈ ಪದವು ಕ್ರಿಯೆಯನ್ನೇ ತೊರೆದು, ಆರಂಭದ ಎಲ್ಲೆಯನ್ನು ಮಾತ್ರ ಸೂಚಿಸುತ್ತದೆ.

1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟಿನಂತಹ ಕೋಶಗಳು ಪದಗಳ ಅರ್ಥಗಳನ್ನು ಒದಗಿಸುತ್ತವೆ. ಅವುಗಳಲ್ಲಿ ಯಾವುದು ಸಲ್ಲುವುದೆಂಬುದನ್ನು ವಾಕ್ಯವನ್ನು ನೋಡಿಯೇ ತಿಳಿಯಬೇಕು. ಈ ವಿವೇಕವು ಪರೀಕ್ಷೆಗೆ ಮಾತ್ರ ಬೇಕಾದುದಲ್ಲ. ಹೊಲವನ್ನು ಬಿಟ್ಟುಕೊಡಬೇಕೆಂದು ಕೆಳಗಿನ ನ್ಯಾಯಾಲಯದಲ್ಲಿ ತೀರ್ಪಾದ ರೈತನೊಬ್ಬನು ಮೇಲ್ಮನವಿ ಸಲ್ಲಿಸಿದ್ದಾನೆನ್ನೋಣ. ಮೇಲಿನ ನ್ಯಾಯಾಲಯವು ಆ ತೀರ್ಪನ್ನು ‘ಎತ್ತಿಹಿಡಿದರೆ’ ಅದು ಸ್ಥಿರವಾಗುತ್ತದೆ. ‘ತಡೆಹಿಡಿದರೆ’ ಅದರ ಜಾರಿ ಸದ್ಯಕ್ಕೆ ನಿಲ್ಲುತ್ತದೆ. ಕ್ರಿಯಾಪದ ಒಂದೇ, ಆದರೆ ಅದರ ಹಿಂದಿನ ಚಿಕ್ಕ ಪದವನ್ನು ತಪ್ಪಾಗಿ ಓದಿಕೊಂಡವನಿಗೆ ತನ್ನ ಹೊಲ ಉಳಿಯಿತೋ ಹೋಯಿತೋ ಎಂಬುದೇ ತಿಳಿಯದು.