ಕೈ ಆಡಿಸಿದಂತೆ ಆಡುವ ರೋಬೊ ತೋಳು

ಕೈಸನ್ನೆಯಿಂದ ನಡೆಯುವ ರೋಬೊ ತೋಳನ್ನು ಹೊರಳಿಸಲು ಗುಂಡಿಗಳ ಸಾಲೂ ಬೇಡ, ಜಾಯ್‌ಸ್ಟಿಕ್ಕೂ ಬೇಡ. ಕೈಗವಸು ತೊಟ್ಟವರ ಮುಂಗೈ ಬಲಕ್ಕೆ ವಾಲಿದರೆ ತೋಳು ಬಲಕ್ಕೆ ಹೊರಳುತ್ತದೆ. ಬೆರಳು ಮಡಚಿದರೆ ಅದರ ಇಕ್ಕಳ ಮುಚ್ಚಿಕೊಳ್ಳುತ್ತದೆ. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯವೂ ಸೇರಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಬಳಗದಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಮತ್ತೆ ಮತ್ತೆ ಆರಿಸಿಕೊಳ್ಳುವ ವಿಷಯ ಇದು. ಬಿಡಿಭಾಗಗಳು ಅಗ್ಗ, ನೋಡುವವರಿಗೆ ಚಂದ. ಆದರೆ ತೋಳನ್ನು ಆಡಿಸುವುದಕ್ಕಿಂತ ಕೈಯ ಇಂಗಿತವನ್ನು ಸರಿಯಾಗಿ ಅರಿಯುವುದೇ ಇಲ್ಲಿ ಕಷ್ಟದ ಕೆಲಸ.

ಕೈಗವಸಿನ ಬೆನ್ನಿಗೆ ಸಾಮಾನ್ಯವಾಗಿ ಎಂಪಿಯು-6050 ಎಂಬ ಚಿಪ್ ಕೂರಿಸುತ್ತಾರೆ. ಬರೀ 4 ಮಿಲಿಮೀಟರ್ ಚೌಕದ ಈ ಚಿಪ್ಪಿನೊಳಗೆ ಸಿಲಿಕಾನ್‌ನ ಸೂಕ್ಷ್ಮ ತುಣುಕೊಂದು ಸ್ಪ್ರಿಂಗಿನಂಥ ಎಳೆಗಳ ಮೇಲೆ ತೂಗಾಡುತ್ತಿರುತ್ತದೆ. ಕೈ ವಾಲಿದಾಗ ಭೂಮಿಯ ಸೆಳೆತಕ್ಕೆ ಆ ತುಣುಕು ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರ ಸರಿಯುತ್ತದೆ. ಪಕ್ಕದ ಫಲಕಗಳ ವಿದ್ಯುತ್ ಧಾರಣಶಕ್ತಿ ಅಷ್ಟರಿಂದಲೇ ಬದಲಾಗಿ, ವಾಲಿದ ಕೋನ ಲೆಕ್ಕಕ್ಕೆ ಸಿಗುತ್ತದೆ. ಇದು ವೇಗೋತ್ಕರ್ಷ ಮಾಪಕ. ಇದಕ್ಕೊಂದು ದೌರ್ಬಲ್ಯವಿದೆ: ಕೈ ವಾಲಿತೋ, ಇಲ್ಲವೇ ಸುಮ್ಮನೆ ಜರ್ಕ್ ಹೊಡೆಯಿತೋ ಎಂಬ ಭೇದ ಇದಕ್ಕೆ ತಿಳಿಯದು. ಅದೇ ಚಿಪ್ಪಿನಲ್ಲಿರುವ ಜೈರೊಸ್ಕೋಪ್ ತಿರುಗುವ ವೇಗವನ್ನು ಅಳೆಯುತ್ತದೆ. ಅದು ಜರ್ಕಿಗೆ ಮೋಸಹೋಗುವುದಿಲ್ಲ, ಆದರೆ ಸಣ್ಣ ಸಣ್ಣ ತಪ್ಪುಗಳು ಕೂಡುತ್ತಾ ಹೋಗಿ, ಕೈ ಅಲುಗದಿದ್ದರೂ ಕೋನ ಮೆಲ್ಲಗೆ ಜಾರುತ್ತದೆ. ಹಾಗಾಗಿ ಎರಡನ್ನೂ ಬೆರೆಸುವುದು ರೂಢಿ. ಜೈರೊಸ್ಕೋಪಿನ ಮಾತಿಗೆ ಸುಮಾರು 98 ಪಾಲು, ವೇಗೋತ್ಕರ್ಷ ಮಾಪಕಕ್ಕೆ 2 ಪಾಲು ತೂಕ ಕೊಟ್ಟರೆ ಕೆಲಸ ಸಾಗುತ್ತದೆ.

ಲೆಕ್ಕ ಹಾಕಿದ ಕೋನ 2.4 ಗಿಗಾಹರ್ಟ್ಸ್ ರೇಡಿಯೋ ಮೂಲಕ ತೋಳಿಗೆ ಹೋಗುತ್ತದೆ. ಅಲ್ಲಿನ ಸರ್ವೊ ಮೋಟಾರಿಗೆ 20 ಮಿಲಿಸೆಕೆಂಡಿಗೊಮ್ಮೆ ಒಂದು ಮಿಡಿತ ಮುಟ್ಟುತ್ತದೆ. ಮಿಡಿತ 1 ಮಿಲಿಸೆಕೆಂಡ್ ಇದ್ದರೆ ಒಂದು ತುದಿ, 2 ಮಿಲಿಸೆಕೆಂಡ್ ಇದ್ದರೆ ಇನ್ನೊಂದು ತುದಿ.

ಯಾರ ಕೈಯೂ ಪೂರಾ ನಿಶ್ಚಲವಾಗಿ ನಿಲ್ಲುವುದಿಲ್ಲ. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಬಾರಿ ಕಣ್ಣಿಗೆ ಕಾಣದಷ್ಟು ನಡುಗುತ್ತದೆ. ಅದನ್ನು ಸೋಸದಿದ್ದರೆ ತೋಳು ಚಳಿಜ್ವರ ಬಂದಂತೆ ಅದುರುತ್ತದೆ. ಅತಿಯಾಗಿ ಸೋಸಿದರೆ ಕೈಯ ಹಿಂದೆ ತಡವಾಗಿ ಬರುತ್ತದೆ. ಈ ಹದ ಹಿಡಿಯುವುದರಲ್ಲೇ ಪ್ರಾಜೆಕ್ಟಿನ ಬಹುಪಾಲು ಸಮಯ ಕಳೆಯುತ್ತದೆ, ವರದಿಯಲ್ಲಿ ಮಾತ್ರ ಅದಕ್ಕೆ ಎರಡು ಸಾಲು.

ಅಂಗೈಯನ್ನು ನೆಲಕ್ಕೆ ಸಮನಾಗಿಟ್ಟು ಎಡಬಲಕ್ಕೆ ತಿರುಗಿಸಿದಾಗ ಭೂಮಿಯ ಸೆಳೆತದಿಂದ ಯಾವ ಸುಳಿವೂ ಸಿಗುವುದಿಲ್ಲ. ಪಠ್ಯಗಳು ಹೇಳುವ ಪರಿಹಾರ ಕಾಂತಮಾಪಕ, ಅಂದರೆ ಚಿಕ್ಕ ದಿಕ್ಸೂಚಿ. ಆದರೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಯಲ್ಲಿ, ಸುತ್ತ ಟನ್‌ಗಟ್ಟಲೆ ಉಕ್ಕು, ದೈತ್ಯ ಮೋಟಾರುಗಳಿರುವಾಗ ದಿಕ್ಸೂಚಿಯನ್ನು ನಂಬುವಂತಿಲ್ಲ. ಕ್ಯಾಮೆರಾದಿಂದ ಕೈ ಗುರುತಿಸುವ ದಾರಿಯೂ ಇದೆ. ಗೂಗಲ್‌ನ ಮೀಡಿಯಾಪೈಪ್ ತಂತ್ರಾಂಶ ಕೈಯ ಮೇಲೆ 21 ಬಿಂದುಗಳನ್ನು ಗುರುತಿಸುತ್ತದೆ, ಕೈಗವಸೇ ಬೇಕಿಲ್ಲ. ಸಂಡೂರಿನ ಗಣಿಗಳ ಕೆಂಧೂಳು ಲೆನ್ಸಿಗೆ ಮೆತ್ತಿಕೊಂಡರೆ ಮಾತ್ರ ಆ ಬಿಂದುಗಳು ಮಾಯ. ಧೂಳಿನ ಊರಿಗೆ ಕೈಗವಸೇ ವಾಸಿ.

ಇನ್ನೊಂದು ಕೊರತೆ ಸ್ಪರ್ಶದ್ದು. ಕಂಪ್ಲಿಯ ಮಾಗಿದ ಬಾಳೆಹಣ್ಣು, ಕಬ್ಬಿಣದ ಸರಳು ಎರಡೂ ಅಗ್ಗದ ಇಕ್ಕಳಕ್ಕೆ ಒಂದೇ. ಹೇಳಿದ ಕೋನದವರೆಗೆ ಅದು ಅದುಮುತ್ತದೆ, ಹಣ್ಣು ಅಪ್ಪಚ್ಚಿಯಾದದ್ದು ಕೈಗವಸು ತೊಟ್ಟವರ ಬೆರಳಿಗೆ ತಿಳಿಯುವುದಿಲ್ಲ. ವಿಚಿತ್ರವೆಂದರೆ ದೂರದಿಂದ ತೋಳು ಆಡಿಸುವ ಈ ವಿದ್ಯೆಯ ಮೂಲಪುರುಷರು ಸ್ಪರ್ಶವನ್ನು ಬಿಟ್ಟುಕೊಟ್ಟಿರಲಿಲ್ಲ. 1940ರ ದಶಕದ ಕೊನೆಗೆ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ವಿಕಿರಣ ವಸ್ತುಗಳನ್ನು ದೂರದಿಂದ ಎತ್ತಿಡಲು ಜೋಡಿತೋಳು ರೂಪಿಸಿದರು. ಗೋಡೆಯ ಈಚೆಗಿನ ಹಿಡಿಕೆ, ಆಚೆಗಿನ ಇಕ್ಕಳ ಯಾಂತ್ರಿಕವಾಗಿಯೇ ಜೋಡಣೆಯಾಗಿದ್ದರಿಂದ ಅಲ್ಲಿನ ಒತ್ತಡ ಇಲ್ಲಿ ಕೈಗೆ ತಟ್ಟುತ್ತಿತ್ತು.

ಒಂದೇ ಕೆಲಸವನ್ನು ಸಾವಿರ ಸಲ ಮಾಡಬೇಕಾದಲ್ಲಿ ಸನ್ನೆಯ ತೋಳು ಬೇಡ, ಪ್ರೋಗ್ರಾಂ ತುಂಬಿದ ರೋಬೊ ಸಾಕು. ಪ್ರತಿಸಲವೂ ಸನ್ನಿವೇಶ ಬೇರೆಯಾಗಿದ್ದು, ಮನುಷ್ಯ ಅಲ್ಲಿ ನಿಲ್ಲಬಾರದು ಎಂಬ ಕಡೆ ಇದಕ್ಕೆ ಬೆಲೆ. ಅಂಥ ಅಪಾಯದ ಸನ್ನಿವೇಶವೊಂದು ಇಲ್ಲೇ ಎದುರಾಗಿತ್ತು: 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ಎಂಬ, ನೀರು ತಡೆಯುವ ಅಡ್ಡತುಂಡುಗಳನ್ನು ಕ್ರೇನಿನಿಂದ ಹರಿಯುವ ನೀರಿಗೇ ಇಳಿಸಿ, ಒಂದು ವಾರದಲ್ಲಿ ತಾತ್ಕಾಲಿಕವಾಗಿ ಅಡ್ಡಗಟ್ಟಲಾಯಿತು. ಭಾರ ಎತ್ತುವ ಕ್ರೇನಿನ ಕೆಲಸಗಳಲ್ಲಿ ಕೈಸನ್ನೆ ಹೊಸದೇನಲ್ಲ. ಕೆಳಗೆ ನಿಂತ ಸಿಗ್ನಲ್‌ಮ್ಯಾನ್ ಕೈ ತೋರಿದಂತೆ ಆಪರೇಟರ್ ಲಿವರ್ ಆಡಿಸುತ್ತಾನೆ. ಸನ್ನೆಗೂ ಯಂತ್ರಕ್ಕೂ ನಡುವೆ ಇನ್ನೊಬ್ಬ ಮನುಷ್ಯನ ಕಣ್ಣು, ವಿವೇಚನೆ ಇರುತ್ತದೆ, ಅಷ್ಟೇ.

ಆ ಮಧ್ಯವರ್ತಿಯನ್ನು ತೆಗೆದರೆ ಅವನ ಜವಾಬ್ದಾರಿಯೂ ಯಂತ್ರಕ್ಕೆ ಬರುತ್ತದೆ. ಬೆವರು ಒರೆಸಲು ಎತ್ತಿದ ಕೈ ಆಜ್ಞೆಯಾಗಬಾರದು. ಅದಕ್ಕೆ ಹೆಬ್ಬೆರಳಿನಡಿ ಒಂದು ಗುಂಡಿಯಿಟ್ಟು, ಅದನ್ನು ಒತ್ತಿಹಿಡಿದಾಗ ಮಾತ್ರ ಸನ್ನೆ ನಡೆಯುವಂತೆ ಮಾಡುತ್ತಾರೆ. ರೇಡಿಯೋ ಸಂಪರ್ಕ ಕಡಿದರೆ ತೋಳು ಇದ್ದಲ್ಲೇ ನಿಲ್ಲಬೇಕು. ಆಟಿಕೆಯ ಸರ್ವೊ ಕರೆಂಟು ಹೋದೊಡನೆ ಹಿಡಿತ ಸಡಿಲಿಸುತ್ತದೆ. ಕಾರ್ಖಾನೆಯ ತೋಳುಗಳಲ್ಲಿ ಬ್ರೇಕಿನ ವ್ಯವಸ್ಥೆ ತಿರುಗುಮುರುಗು: ಕರೆಂಟು ಬಂದಾಗ ಬಿಡುತ್ತದೆ, ಹೋದಾಗ ಬಿಗಿಯುತ್ತದೆ.